ಕೃಷ್ಣಾ ಹೊಳೆಸಾಲಿನ ಹವಾಮಾನ ಮತ್ತು ಬೇಸಾಯ

ಕೃಷ್ಣಾ ಹೊಳೆಸಾಲಿನ ಬೇಸಾಯವೆಂದರೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಊರಿನ ಮಳೆ ಮತ್ತು ಸಹ್ಯಾದ್ರಿಯಿಂದ ಹರಿದು ಬರುವ ನದಿನೀರು ಎರಡನ್ನೂ ನೆಚ್ಚಿ ನಡೆಯುವ ಕೃಷಿ. ಈ ಎರಡರ ಪ್ರಮಾಣ ಒಂದೇ ವರ್ಷದಲ್ಲಿ ಒಂದಕ್ಕೊಂದು ತಾಳೆಯಾಗದೆ ಹೋಗುವುದು ಇಲ್ಲಿನ ಮುಖ್ಯ ಲಕ್ಷಣ. ಕಾಗವಾಡ ತಾಲ್ಲೂಕಿನ ಜುಗೂಳ ಗ್ರಾಮ ಇದಕ್ಕೆ ಸ್ಪಷ್ಟ ಉದಾಹರಣೆ. ಊರು ಕೃಷ್ಣೆಯ ದಂಡೆಯಲ್ಲಿದೆ. ಎದುರು ದಂಡೆಯಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ದೇವಾಲಯ. ಜುಗೂಳದ ಹೊಲಗಳ ಮೇಲೆ ಬೀಳುವ ಮಳೆ ಕಡಿಮೆ. ಊರನ್ನು ಮುಳುಗಿಸುವ ನೀರು ಮಾತ್ರ ಬಹುಪಾಲು ದೂರದ ಮೇಲಿನ ಘಟ್ಟದಲ್ಲಿ ಬಿದ್ದದ್ದು.

ಈ ಲೇಖನದಲ್ಲಿ ‘ಹವಾಮಾನ’ ಎಂಬುದು ದಿನದಿನದ, ವಾರವಾರದ ಮಳೆ, ಬಿಸಿಲು, ಗಾಳಿ, ತೇವಗಳನ್ನೂ ‘ವಾಯುಗುಣ’ ಎಂಬುದು ಅವುಗಳ ಹಲವು ದಶಕಗಳ ಸರಾಸರಿ ಸ್ವರೂಪವನ್ನೂ ಸೂಚಿಸುತ್ತದೆ.

ನೆಲ ಮತ್ತು ನದಿಗಳು

ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮುಂಗಾರಿನ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ನೀರಿನ ದೊಡ್ಡ ಪಾಲನ್ನು ಸುರಿಸಿಬಿಡುತ್ತವೆ. ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಮಳೆ ಬೇಗ ಇಳಿಮುಖವಾಗುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಿಪ್ಪಾಣಿ, ಚಿಕ್ಕೋಡಿಗಳಿಗೆ ಬರುವಷ್ಟರಲ್ಲಿ ಅದರ ಸಣ್ಣ ಪಾಲು ಉಳಿದಿರುತ್ತದೆ. ಮಳೆ ನೆರಳಿನಲ್ಲಿರುವ ರಾಯಬಾಗ, ಅಥಣಿ ಕಡೆ ವಾರ್ಷಿಕ ಮಳೆ ಸುಮಾರು 500ರಿಂದ 600 ಮಿಲಿಮೀಟರ್ ಮಾತ್ರ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಹಳೆಯ ಚಿಕ್ಕೋಡಿ ತಾಲ್ಲೂಕು (ಅದರಿಂದ ಬೇರ್ಪಟ್ಟ ನಿಪ್ಪಾಣಿಯೂ ಸೇರಿ) ಉತ್ತರ ಸಂಕ್ರಮಣ ವಲಯದಲ್ಲಿದೆ. ರಾಯಬಾಗ ಮತ್ತು ಹಳೆಯ ಅಥಣಿ ತಾಲ್ಲೂಕು (ಅದರಿಂದ ಬೇರ್ಪಟ್ಟ ಕಾಗವಾಡವೂ ಸೇರಿ) ಉತ್ತರ ಒಣ ವಲಯಕ್ಕೆ ಸೇರಿವೆ.

ಈ ಒಣ ಸೀಮೆಗೆ ಹಲವು ನದಿಗಳ ನೀರು ಬಂದು ಸೇರುತ್ತದೆ. ಕೃಷ್ಣೆಯನ್ನು ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಬಳಿಯ ಹರಿಪುರದಲ್ಲಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡುತ್ತವೆ. ಭೋಜದ ಬಳಿ ವೇದಗಂಗೆಯನ್ನು ಸೇರಿಸಿಕೊಂಡ ದೂಧಗಂಗೆ ಕಲ್ಲೋಳ, ಯಡೂರು ಆಸುಪಾಸಿನಲ್ಲಿ ಕೃಷ್ಣೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಈ ಭಾಗದ ಜನ ಆಕಾಶವನ್ನು ನೋಡುವಷ್ಟೇ ರಾಜಾಪುರ ಬ್ಯಾರೇಜಿನ ಕ್ಯುಸೆಕ್ ಲೆಕ್ಕವನ್ನೂ ನೋಡುತ್ತಾರೆ. ಶಿರೋಳ ತಾಲ್ಲೂಕಿನ ಆ ಬ್ಯಾರೇಜಿನಿಂದ ಬರುವ ನೀರಿಗೆ ದೂಧಗಂಗೆಯದನ್ನು ಕೂಡಿಸಿದರೆ ಕಲ್ಲೋಳದ ಬಳಿಯ ಹರಿವು ತಿಳಿಯುತ್ತದೆ.

ಮಣ್ಣು

ಹೊಳೆಸಾಲಿನುದ್ದಕ್ಕೂ ಆಳವಾದ ಕಪ್ಪು ಮಣ್ಣಿದೆ. ರೈತರು ಇದನ್ನು ಎರಿ ಎನ್ನುತ್ತಾರೆ. ಹೊಳೆಯಿಂದ ಮೇಲಕ್ಕೆ ಹೋದಂತೆ ಗರಸು ಬೆರೆತ, ತೆಳುವಾದ ಮಡ್ಡಿ ನೆಲ ಸಿಗುತ್ತದೆ. ಒಂದೇ ಮಳೆ ಈ ಎರಡು ನೆಲಗಳಲ್ಲಿ ಎರಡು ಬಗೆಯ ಫಲ ಕೊಡುತ್ತದೆ. ಮಡ್ಡಿಯಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಎರಡು ವಾರ ಮಳೆ ತಡೆದರೆ ಪೈರು ಬಾಡುತ್ತದೆ. ಎರಿ ನೆಲ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಸಿಯಾದಾಗ ಉಬ್ಬಿ ಅಂಟಾಗಿ, ಗಳೇವು ಹೂಡಲೂ ಟ್ರ್ಯಾಕ್ಟರ್ ಇಳಿಸಲೂ ಬಿಡುವುದಿಲ್ಲ. ಒಣಗಿದಾಗ ಅಂಗೈ ಹೊಗುವಷ್ಟು ಅಗಲಕ್ಕೆ ಬಿರುಕು ಬಿಡುತ್ತದೆ, ಆ ಬಿರುಕುಗಳ ಮೂಲಕ ಆಳದ ತೇವವೂ ಆರಿಹೋಗುತ್ತದೆ. ಹಿಂಗಾರು ಪೈರಿನಲ್ಲಿ ಮೇಲಿಂದ ಮೇಲೆ ಎಡೆ ಹೊಡೆಯುವುದರ ಉದ್ದೇಶ ಕಳೆ ತೆಗೆಯುವುದಷ್ಟೇ ಆಗಿರದೆ, ಮೇಲ್ಮಣ್ಣನ್ನು ಸಡಿಲಿಸಿ ಈ ಬಿರುಕುಗಳನ್ನು ಮುಚ್ಚುವುದೂ ಆಗಿದೆ.

ಮಳೆಯ ಕಾಲಗಳು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅಡ್ಡಮಳೆ ಎಂದು ಹೆಸರು. ಆಗ ಅಥಣಿ ಕಡೆಯ ಗರಿಷ್ಠ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ತಲುಪುವುದುಂಟು. ಅಡ್ಡಮಳೆಯಿಂದ ನೆಲ ಮೆತ್ತಗಾಗಿ ರಂಟೆ, ಕುಂಟೆಯ ಕೆಲಸಕ್ಕೆ ಅನುಕೂಲವಾಗುತ್ತದೆ. ಜೊತೆಗೆ ಬರುವ ಬಿರುಗಾಳಿ, ಆಲಿಕಲ್ಲುಗಳಿಂದ ತೋಟದ ಬೆಳೆಗೆ ಹಾನಿಯೂ ಆಗುತ್ತದೆ.

ರೈತರ ಲೆಕ್ಕ ಇಂದಿಗೂ ಮಳೆ ನಕ್ಷತ್ರಗಳದ್ದೇ. ಜೂನ್ ಮೊದಲ ವಾರದ ಕೊನೆಗೆ ಕೂಡುವ ಮೃಗಶಿರಾ ಮಳೆಯನ್ನು ಆಡುಮಾತಿನಲ್ಲಿ ಮಿರಗ ಎನ್ನುತ್ತಾರೆ. ಮುಂಗಾರು ಬಿತ್ತನೆಗೆ ಅದೇ ಸರಿಯಾದ ಹದ. ಸೋಯಾ ಅವರೆ, ಶೇಂಗಾ, ಹೆಸರು, ಗೋವಿನಜೋಳಗಳನ್ನು ಮಿರಗ ಮತ್ತು ಆರಿದ್ರಾ ಮಳೆಗಳಲ್ಲಿ ಬಿತ್ತುತ್ತಾರೆ. ಜುಲೈ ಮತ್ತು ಆಗಸ್ಟ್ ಮೊದಲ ಭಾಗದ ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಘಟ್ಟದಲ್ಲಿ ರಭಸವಾಗಿದ್ದು, ಇಲ್ಲಿ ಜಿಟಿಜಿಟಿಯಾಗಿ ಸುರಿಯುತ್ತವೆ ಅಥವಾ ಬರೀ ಮೋಡ ತೋರಿಸಿ ಹೋಗುತ್ತವೆ. ಸೆಪ್ಟೆಂಬರ್ ನಡುವಿನ ಉತ್ತರಿ ಮಳೆಯಿಂದ ಅಕ್ಟೋಬರದ ಚಿತ್ತಿ ಮಳೆಯವರೆಗೆ ಬೀಳುವ ನೀರು ಹಿಂಗಾರಿಗೆ ಮೂಲಧನ.

ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆ ಮುಂಗಾರು ಜೋಳದ ಸೀಮೆಗೆ ಹೊಂದುವಂಥದು. ಅಥಣಿಯ ಪೂರ್ವಕ್ಕಿರುವ ಎರಿ ಹೊಲಗಳಲ್ಲಿ ಬಿಳಿಜೋಳದ ಭವಿಷ್ಯ ನಿರ್ಧಾರವಾಗುವುದು ಅದಾಗಿ ಮೂರು ನಾಲ್ಕು ತಿಂಗಳ ಮೇಲೆ, ಉತ್ತರಿ ಮತ್ತು ಹಸ್ತಾ ಮಳೆಗಳಲ್ಲಿ.

ಬೆಳೆಗಳು

ಕಬ್ಬು. ಹೊಳೆಸಾಲಿನ ಮುಖ್ಯ ಬೆಳೆ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆ, ಆಮೇಲೆ ಬಂದ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಮತ್ತು ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳು ಈ ಬೆಳೆಯನ್ನು ಬೇರೂರಿಸಿದವು. ನಾಟಿಗೆ ಮೂರು ಹಂಗಾಮುಗಳಿವೆ: ಜುಲೈ, ಆಗಸ್ಟ್‌ನ ಅಡಸಾಲಿ, ಅಕ್ಟೋಬರ್, ನವೆಂಬರ್‌ನ ಪೂರ್ವ ಹಂಗಾಮು, ಜನವರಿ, ಫೆಬ್ರುವರಿಯ ಸುರು. ಅಡಸಾಲಿ ಕಬ್ಬು ಒಂದೂವರೆ ವರ್ಷದವರೆಗೆ ಹೊಲದಲ್ಲಿ ನಿಲ್ಲುವುದರಿಂದ ಎರಡು ಮಳೆಗಾಲಗಳನ್ನು ಕಾಣುತ್ತದೆ. ಅದರ ಇಳುವರಿ ಹೆಚ್ಚು. ನೆರೆ ಬಂದರೆ ನಷ್ಟವೂ ಹೆಚ್ಚು.

ಕಬ್ಬಿಗೆ ಬೆಳೆಯುವ ಕಾಲದಲ್ಲಿ ಬಿಸಿ ಮತ್ತು ತೇವ ಬೇಕು, ಮಾಗುವ ಕಾಲದಲ್ಲಿ ಒಣ ಹವೆ ಮತ್ತು ತಂಪು ರಾತ್ರಿ ಬೇಕು. ನವೆಂಬರದಿಂದ ಫೆಬ್ರುವರಿವರೆಗೆ ಇಲ್ಲಿ ಇವೆರಡೂ ಸಿಗುತ್ತವೆ. ಆಗ ಗಿಡದ ಬೆಳವಣಿಗೆ ನಿಧಾನವಾಗಿ ಗಣಿಕೆಗಳಲ್ಲಿ ಸಕ್ಕರೆ ಕೂಡಿಕೊಳ್ಳುತ್ತದೆ. ಕರಾವಳಿಯ ತೇವದ ಹವೆಗಿಂತ ಈ ಸೀಮೆಯಲ್ಲಿ ಸಕ್ಕರೆ ಇಳುವರಿ ಮೇಲಾಗಿರುವುದಕ್ಕೆ ಇದೂ ಒಂದು ಕಾರಣ. ನವೆಂಬರದಲ್ಲಿ ಅಕಾಲ ಮಳೆ ಬಂದರೆ ರಸ ತೆಳುವಾಗುವುದಲ್ಲದೆ, ಕಟಾವಿನ ಗ್ಯಾಂಗುಗಳೂ ಟ್ರ್ಯಾಕ್ಟರುಗಳೂ ಎರಿ ಹೊಲಕ್ಕೆ ಇಳಿಯಲಾಗದೆ ನಿಲ್ಲುತ್ತವೆ. ಬಹುಕಾಲ ಈ ಭಾಗದಲ್ಲಿ ಹೆಚ್ಚು ಹರಡಿದ ತಳಿ ಕೊ 86032. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಸಂಶೋಧನಾ ಕೇಂದ್ರ ಎಸ್‌ಎನ್‌ಕೆ ಹೆಸರಿನ ತಳಿಗಳನ್ನು ಹೊರತಂದಿದೆ.

ತಂಬಾಕು. ನಿಪ್ಪಾಣಿಯ ಹೆಸರು ಬೀಡಿ ತಂಬಾಕಿಗೆ ಅಂಟಿಕೊಂಡಿರುವುದರಲ್ಲಿ ಅಲ್ಲಿನ ವಾಯುಗುಣದ ಪಾಲು ದೊಡ್ಡದು. ಮುಂಗಾರಿನ ಆರಂಭದಲ್ಲಿ ಸಸಿಮಡಿ ಮಾಡಿ, ಜೋರು ಮಳೆ ತಗ್ಗಿದ ಮೇಲೆ ಆಗಸ್ಟ್ ಹೊತ್ತಿಗೆ ಸಸಿ ನೆಡುತ್ತಾರೆ. ಬಳಿಕ ಗಿಡ ನೆಲದಲ್ಲಿ ಉಳಿದ ತೇವದ ಮೇಲೆಯೇ ಬದುಕುತ್ತದೆ. ಕುಡಿ ಮುರಿದು, ಬಗಲಲ್ಲಿ ಒಡೆಯುವ ಚಿಗುರುಗಳನ್ನೂ ಚಿವುಟಿದಾಗ ಎಲೆ ದಪ್ಪವಾಗಿ, ಅದರ ಮೈಮೇಲೆ ಅಂಟು ಕೂಡುತ್ತದೆ. ಎಲೆಯ ಮೇಲೆ ಚುಕ್ಕೆ ಮೂಡಿತೆಂದರೆ ಮಾಗಿತೆಂದು ಅರ್ಥ. ಆ ಹೊತ್ತಿನಲ್ಲಿ ಒಂದು ದೊಡ್ಡ ಮಳೆ ಬಂದರೆ ಅಂಟು ತೊಳೆದುಹೋಗಿ ಸರಕಿನ ದರ್ಜೆ ಇಳಿಯುತ್ತದೆ. ಕೊಯ್ದ ಎಲೆಯನ್ನು ಬಿಸಿಲಿನಲ್ಲಿ ಹರವಿ ಒಣಗಿಸುತ್ತಾರೆ. ಹಗಲ ಬಿಸಿಲಿಗೆ ಗರಿಗರಿಯಾದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ರಾತ್ರಿಯ ಇಬ್ಬನಿ ಅದನ್ನು ಮೆತ್ತಗೆ ಮಾಡಿದಾಗ ನಸುಕಿನಲ್ಲಿ ಮಗುಚಿ ಹಾಕುವುದು ರೂಢಿ. ಮಳೆ ಬೇಡ, ಇಬ್ಬನಿ ಬೇಕು ಎನ್ನುವ ಬೆಳೆ ಇದು. ಈಚಿನ ದಶಕಗಳಲ್ಲಿ ತಂಬಾಕಿನ ಹೊಲಗಳು ಬಹಳಷ್ಟು ಕಬ್ಬು ಮತ್ತು ಸೋಯಾ ಅವರೆಗೆ ತಿರುಗಿವೆ.

ಸೋಯಾ ಅವರೆ. ನಿಪ್ಪಾಣಿ, ಚಿಕ್ಕೋಡಿಯ ಮುಂಗಾರು ಬೆಳೆ. ನೂರು ದಿನದ ಆಚೀಚೆ ಕೊಯ್ಲಿಗೆ ಬರುವುದರಿಂದ ಅದೇ ಹೊಲದಲ್ಲಿ ಹಿಂಗಾರು ಬೆಳೆ ತೆಗೆಯಬಹುದು. ಸೆಪ್ಟೆಂಬರ್ ಕೊನೆಗೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿಯಲ್ಲೇ ಕಾಳು ಮೊಳೆಯುತ್ತದೆ.

ದ್ರಾಕ್ಷಿ. ಅಥಣಿಯ ಪೂರ್ವ ಭಾಗ, ತೆಲಸಂಗ ಸುತ್ತಿನ ಒಣ ಹವೆಗೆ ಒಗ್ಗಿದ ಬೆಳೆ. ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಬೇಕು. ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಬಳ್ಳಿಯನ್ನು ಕಟ್ಟುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್ ಚಾಟ್ನಿಯ ಚಿಗುರು ಎಳೆಯದಾಗಿದ್ದಾಗಲೇ ಹಿಂಗಾರು ಮಳೆ ಮತ್ತು ಮೋಡದ ದಿನಗಳು ಕೂಡಿಬಂದರೆ, ರೈತರು ದಾವಣಿ ಎನ್ನುವ ಬೂಜು ರೋಗ ಎಲೆಗೂ ಗೊಂಚಲಿಗೂ ಹತ್ತುತ್ತದೆ. ಹಣ್ಣು ತುಂಬಿದ ಮೇಲೆ ಮಳೆಯಾದರೆ ಸಿಪ್ಪೆ ಸೀಳುತ್ತದೆ. ಒಣದ್ರಾಕ್ಷಿ ಮಾಡುವವರಿಗೆ ಅಪಾಯದ ಅವಧಿ ಇನ್ನೂ ಮುಂದೆ ಹೋಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಶೆಡ್ಡಿನ ಜಾಲರಿಗಳ ಮೇಲೆ ಹಣ್ಣು ಗಾಳಿಗೆ ಒಣಗುತ್ತಿರುತ್ತದೆ. ಆ ನಡುವೆ ಬರುವ ಅಡ್ಡಮಳೆ ಬಣ್ಣ ಕೆಡಿಸಿ ಬೆಲೆ ಇಳಿಸುತ್ತದೆ.

ಅರಿಷಿಣ. ರಾಯಬಾಗ, ಕುಡಚಿ ಕಡೆಯ ಬೆಳೆ. ಸಾಂಗ್ಲಿ ಇದರ ದೊಡ್ಡ ಪೇಟೆ. ಮೇ, ಜೂನ್‌ನಲ್ಲಿ ನೆಟ್ಟು ಜನವರಿಯ ನಂತರ ಕೀಳುತ್ತಾರೆ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಸಂಗ್ರಹಕ್ಕೂ ನೀರು ತಾಗದ ನೆಲ ಬೇಕು: ಹರಿಪುರದ ನೆಲದಡಿಯ ಹಗೇವುಗಳಲ್ಲಿ ಅರಿಷಿಣವನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. 2005ರ ನೆರೆ ಅವುಗಳಲ್ಲಿ ಬಹಳಷ್ಟನ್ನು ಹಾಳುಗೆಡವಿತು.

ಹಿಂಗಾರು ಬೆಳೆಗಳು. ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ಇವು ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಎರಿ ನೆಲದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಬೆಳೆಯುತ್ತವೆ. ಎಳ್ಳಮಾವಾಸ್ಯೆಯ ದಿನ ರೈತ ಕುಟುಂಬಗಳು ಹೊಲಕ್ಕೆ ಹೋಗಿ ಚರಗ (ನೈವೇದ್ಯದ ಅಡುಗೆ) ಚೆಲ್ಲುವುದು ಈ ಪೈರು ತೆನೆಗಟ್ಟುವ ಹೊತ್ತಿನಲ್ಲಿ.

ನೆರೆ

2005, 2019 ಮತ್ತು 2021ರ ನೆರೆಗಳು ಈ ಸೀಮೆಯ ಬೇಸಾಯವನ್ನು ತಲೆಕೆಳಗು ಮಾಡಿದವು. ಮೂರೂ ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ಭಾಗದ ನಡುವೆ ಬಂದವು, ಮೂರಕ್ಕೂ ಕಾರಣ ಘಟ್ಟದ ಅತಿವೃಷ್ಟಿ. 2021ರ ಜುಲೈ 22 ಮತ್ತು 23ರ ನಡುವಿನ 24 ಗಂಟೆಗಳಲ್ಲಿ ಮಹಾಬಳೇಶ್ವರದಲ್ಲಿ 594 ಮಿಲಿಮೀಟರ್ ಮಳೆ ದಾಖಲಾಯಿತು. ಅಥಣಿಗೆ ಇಡೀ ವರ್ಷದಲ್ಲಿ ಬರುವಷ್ಟು ಮಳೆ ಅಲ್ಲಿ ಒಂದೇ ದಿನ ಬಿದ್ದಿತ್ತು. ಸುಮಾರು 105 ಟಿಎಂಸಿ ಸಾಮರ್ಥ್ಯದ ಕೊಯ್ನಾ ಜಲಾಶಯ ತುಂಬಿ ಗೇಟುಗಳು ತೆರೆದಾಗ, ಕೆಳಗಿನ ಬಯಲಿನ ಮಳೆಯೂ ಅದಕ್ಕೆ ಕೂಡಿದರೆ, ನೀರು ಜುಗೂಳ, ಮಂಗಾವತಿ, ಶಹಾಪುರ, ಇಂಗಳಿ, ಯಡೂರು, ಮಾಂಜರಿ ಮೊದಲಾದ ಹೊಳೆದಂಡೆಯ ಊರುಗಳಿಗೆ ನುಗ್ಗುತ್ತದೆ. ಈ ಭಾಗದಲ್ಲಿ ನದಿಯ ಇಳಿಜಾರು ಕಡಿಮೆ, ತಿರುವುಗಳು ಹೆಚ್ಚು. ಆದ್ದರಿಂದ ಬಂದ ನೀರು ಬೇಗ ಸರಿದು ಹೋಗುವುದಿಲ್ಲ.

ಹೊಳೆ ಏರತೊಡಗಿದಾಗ ರೈತರು ಮೊದಲು ಮಾಡುವ ಕೆಲಸ ದಂಡೆಯ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಎತ್ತರಕ್ಕೆ ಸಾಗಿಸುವುದು. ನೀರು ಇನ್ನಷ್ಟು ಏರಿದರೆ ಹಗ್ಗ, ಟ್ರ್ಯಾಕ್ಟರ್ ಕಟ್ಟಿ ಮೋಟಾರುಗಳನ್ನು ಎರಡನೆಯ, ಮೂರನೆಯ ಬಾರಿ ಮೇಲಕ್ಕೆ ಎಳೆಯಬೇಕಾಗುತ್ತದೆ. ಆಮೇಲೆ ದನಕರು, ಕಡೆಗೆ ಮನೆಯ ಸಾಮಾನು. ಹಸಿ ಮೇವು ಹೊಲದಲ್ಲೇ ಮುಳುಗುವುದರಿಂದ ಗಂಜಿ ಕೇಂದ್ರಗಳಲ್ಲಿ ಜನರ ಊಟಕ್ಕಿಂತ ದನಗಳ ಮೇವು ಕಠಿಣ ಸಮಸ್ಯೆಯಾಗುತ್ತದೆ.

ಮುಳುಗಿದ ಕಬ್ಬಿನ ಗತಿ ಅದರ ಸುಳಿಯ ಮೇಲೆ ನಿಂತಿದೆ. ನೀರು ಸುಳಿಗಿಂತ ಕೆಳಗಿದ್ದರೆ ಬೆಳೆ ಹಲವು ದಿನ ತಾಳಿಕೊಳ್ಳುತ್ತದೆ. ಗಣಿಕೆಗಳಿಂದ ನೀರಿನಲ್ಲೇ ಬೇರು ಬಿಡುತ್ತದೆ. ಸುಳಿಯ ಮೇಲೆ ನೀರು ಹರಿದು, ಕೆಸರು ಸುಳಿಯೊಳಗೆ ಇಳಿದು ಕೂತರೆ ಸುಳಿ ಕೊಳೆಯುತ್ತದೆ. ಕೈಯಿಂದ ಎಳೆದರೆ ಸುಳಿ ಕಿತ್ತು ಬರುತ್ತದೆ, ಬುಡದಲ್ಲಿ ನಾತವಿರುತ್ತದೆ. ಅಂಥ ಕಬ್ಬಿನ ಕಣ್ಣುಗಳು ಒಡೆದು ಅಡ್ಡ ಚಿಗುರು ಬರುತ್ತವೆ, ಒಳಗೆ ಬೆಂಡಾಗುತ್ತದೆ, ತೂಕವೂ ಸಕ್ಕರೆಯೂ ಇಳಿಯುತ್ತವೆ. ಸೋಯಾ ಅವರೆ, ತರಕಾರಿಗಳಿಗೆ ಇಷ್ಟು ಸಹನೆಯಿಲ್ಲ. ಕೆಲವೇ ದಿನಗಳಲ್ಲಿ ಕೊಳೆತು ಹೋಗುತ್ತವೆ. ಹೊಳೆದಂಡೆಯ ತಗ್ಗು ಹೊಲಗಳಲ್ಲಿ ಕಬ್ಬನ್ನು ಬಿಟ್ಟು ಬೇರೆ ಬೆಳೆ ಹಚ್ಚಲು ರೈತರು ಹಿಂಜರಿಯುವುದು ಇದೇ ಕಾರಣಕ್ಕೆ. ಸಕ್ಕರೆ ದರದ ಆಸೆಯನ್ನಷ್ಟೇ ಇದಕ್ಕೆ ಕಾರಣವೆಂದು ಹೇಳುವ ವಿವರಣೆ ಅಪೂರ್ಣ.

ನೆರೆಯ ನೀರು ಕೆಲವೆಡೆ ಮೆಕ್ಕಲು ತಂದು ಹೊಲವನ್ನು ಫಲವತ್ತಾಗಿಸುತ್ತದೆ, ಕೆಲವೆಡೆ ಮೇಲ್ಮಣ್ಣನ್ನೇ ಕೊರೆದೊಯ್ಯುತ್ತದೆ.

ಬರ

1876ರಿಂದ 1878ರವರೆಗಿನ ಮಹಾಕ್ಷಾಮ ಆಗಿನ ಮುಂಬಯಿ ಪ್ರಾಂತದ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ತೀವ್ರವಾಗಿ ಬಾಧಿಸಿತು. ಹಿರಿಯರ ನೆನಪಿನಲ್ಲಿ ಉಳಿದದ್ದು 1972ರ ಬರ. ಈಚಿನದು 2023ರದು: ಎಲ್ ನಿನೊ ಪ್ರಭಾವದ ಆ ವರ್ಷ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು.

ಬರ ಮತ್ತು ನೆರೆ ಇಲ್ಲಿ ಬೇರೆಬೇರೆ ವರ್ಷಗಳಲ್ಲೇ ಬರಬೇಕೆಂದಿಲ್ಲ. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕುಡಿಯುವ ನೀರಿಗಾಗಿ ಕೊಯ್ನಾದಿಂದ ನೀರು ಬಿಡುವಂತೆ ಕರ್ನಾಟಕ ಮಹಾರಾಷ್ಟ್ರವನ್ನು ಕೋರಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಹೊಳೆ ಊರುಗಳನ್ನು ಮುಳುಗಿಸಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಬೆಚ್ಚಗಿದ್ದ ಪ್ರಬಲ ದ್ವಿಧ್ರುವ ಸ್ಥಿತಿಯಿತ್ತು. ಜೂನ್‌ನಲ್ಲಿ ಸೊರಗಿದ್ದ ಮುಂಗಾರು ಆಮೇಲೆ ವಿಪರೀತ ಬಲ ಪಡೆಯಿತು. ಹೊಳೆಸಾಲು ತುಂಬಿ ಹರಿಯುವಾಗಲೂ ಅಥಣಿಯ ಪೂರ್ವದ ಹಳ್ಳಿಗಳು ಮಳೆಗಾಗಿ ಕಾಯುವುದುಂಟು. ತಾಲ್ಲೂಕಿನ ಸರಾಸರಿ ಮಳೆಯನ್ನು ನೋಡಿ ಪರಿಹಾರ ನಿರ್ಧರಿಸುವ ಪದ್ಧತಿಯಲ್ಲಿ ಇಂಥ ಒಳವ್ಯತ್ಯಾಸ ಗಣನೆಗೆ ಬರುವುದಿಲ್ಲ.

ಕೀಟ ಮತ್ತು ಹವೆ

ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳುವಿನ ಜೀವನಚಕ್ರ ಅಡ್ಡಮಳೆಗೆ ಗಂಟುಬಿದ್ದಿದೆ. ಮೊದಲ ದೊಡ್ಡ ಮಳೆ ನೆಲ ನೆನೆಸಿದ ಸಂಜೆ ದುಂಬಿಗಳು ಮಣ್ಣಿನಿಂದ ಹೊರಬಂದು ಬೇವು ಮೊದಲಾದ ಮರಗಳ ಮೇಲೆ ಗುಂಪುಗೂಡುತ್ತವೆ. ಆ ಕೆಲವು ಸಂಜೆಗಳಲ್ಲಿ ಕೊಂಬೆ ಅಲುಗಿಸಿ ದುಂಬಿ ಆರಿಸಿ ನಾಶಪಡಿಸುವುದು, ಮುಂದೆ ಮರಿಹುಳು ಬೇರಿಗಿಳಿದ ಮೇಲೆ ಔಷಧ ಹಾಕುವುದಕ್ಕಿಂತ ಅಗ್ಗವಾದ ಮತ್ತು ಫಲಕಾರಿಯಾದ ಕ್ರಮ. ಒಂದೇ ಹೊಲದವರು ಮಾಡಿದರೆ ಸಾಲದು, ಇಡೀ ಊರು ಕೂಡಬೇಕು.

2002ರಲ್ಲಿ ಸಾಂಗ್ಲಿ ಜಿಲ್ಲೆಯಲ್ಲಿ ಕಂಡ ಕಬ್ಬಿನ ಬಿಳಿ ಉಣ್ಣೆ ಹೇನು ಅದೇ ವರ್ಷ ಗಡಿ ದಾಟಿ ಬೆಳಗಾವಿಗೆ ಬಂತು. ಮೋಡ ಕವಿದ, ತೇವದ ದಿನಗಳಲ್ಲಿ ಅದು ಬೇಗ ಹೆಚ್ಚಿತು. ಡೈಫಾ, ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು ಹರಡಿದ ಮೇಲೆ ಹಾವಳಿ ತಗ್ಗಿತು.

ನೀರಾವರಿ ಮತ್ತು ಸವಳು

ಮಳೆಯ ಅನಿಶ್ಚಿತತೆಗೆ ಈ ಸೀಮೆ ಕಂಡುಕೊಂಡ ಮುಖ್ಯ ಉತ್ತರ ನೀರೆತ್ತುವುದು. ಹೊಳೆದಂಡೆಯಿಂದ ಪೈಪುಗಳು ಹಲವು ಕಿಲೋಮೀಟರ್ ದೂರದ ಮಡ್ಡಿಯವರೆಗೂ ಹೋಗುತ್ತವೆ. ರಾಯಬಾಗದ ಕೆಲ ಭಾಗಗಳಿಗೆ ಹಿಡಕಲ್ ಜಲಾಶಯದಿಂದ ಘಟಪ್ರಭಾ ಕಾಲುವೆಯ ನೀರಿದೆ. ಕೃಷ್ಣೆಗೆ ಹಿಪ್ಪರಗಿಯಲ್ಲಿ ಬ್ಯಾರೇಜು ಕಟ್ಟಲಾಗಿದೆ. ಕಾಗವಾಡ, ಅಥಣಿಯ ಒಣ ಹಳ್ಳಿಗಳಿಗಾಗಿ ಕೆಂಪವಾಡದ ಬಸವೇಶ್ವರ ಏತ ನೀರಾವರಿ ಯೋಜನೆ ಕೈಗೊಳ್ಳಲಾಯಿತು.

ಆಳವಾದ ಕಪ್ಪು ಮಣ್ಣು, ಬಸಿಯದ ನೀರು, ವರ್ಷವಿಡೀ ನಿಲ್ಲುವ ಕಬ್ಬು ಮತ್ತು ಬಿಸಿಲಿನ ಆವಿಯಾಗುವಿಕೆ ಕೂಡಿದರೆ ಸವಳು ಹುಟ್ಟುತ್ತದೆ. ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ನೀರು ಆವಿಯಾಗಿ ಲವಣ ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆ ಹೆಚ್ಚಿರುವ ನಾಡಿನಲ್ಲಿ ಲವಣ ತೊಳೆದುಹೋಗುತ್ತಿತ್ತು. 500 ಮಿಲಿಮೀಟರಿನ ಸೀಮೆಯಲ್ಲಿ ಆ ಅನುಕೂಲವಿಲ್ಲ. ಉಗಾರ ಬುದ್ರುಕದಲ್ಲಿ ನೆಲದಡಿ ತೂತುಗೊಳವೆಗಳನ್ನು ಹೂತು ಹೆಚ್ಚುವರಿ ನೀರನ್ನು ಬಸಿದು ಹೊರಹಾಕುವ ಕಾಮಗಾರಿ ನಡೆದು, ಪಾಳುಬಿದ್ದ ಜಮೀನು ಮತ್ತೆ ಸಾಗುವಳಿಗೆ ಬಂತು. ಹನಿ ನೀರಾವರಿ ಮತ್ತು ಕಬ್ಬಿನ ರವದಿಯನ್ನು (ಒಣಗಿದ ಎಲೆಯನ್ನು) ಸುಡದೆ ಸಾಲಿನಲ್ಲೇ ಹೊದಿಸುವ ಪದ್ಧತಿ ನೀರಿನ ಖರ್ಚನ್ನು ತಗ್ಗಿಸುತ್ತವೆ.

ಈಚಿನ ಸ್ಥಿತಿ

1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ ಮಾಹಿತಿ ಪಡೆಯುತ್ತದೆ. ಅದರ ವರುಣಮಿತ್ರ ಸಹಾಯವಾಣಿ ರೈತರಿಗೆ ಮುನ್ಸೂಚನೆ ತಿಳಿಸುತ್ತದೆ. 2016ರಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಯಲ್ಲಿದೆ. ದ್ರಾಕ್ಷಿಯಂಥ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಪ್ರತ್ಯೇಕವಾಗಿದೆ.

1950ರಿಂದ 2015ರ ನಡುವೆ ಮಧ್ಯ ಭಾರತದ ಪಟ್ಟಿಯಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಸುಮಾರು ಮೂರು ಪಟ್ಟಾದವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಟ್ಟು ಮಳೆ ಹೆಚ್ಚದೆ, ಸುರಿಯುವ ದಿನಗಳು ಕಡಿಮೆಯಾಗಿ ರಭಸ ಹೆಚ್ಚಿದರೆ ಹೊಳೆಸಾಲಿಗೆ ನೆರೆಯ ಅಪಾಯವೂ ಮಡ್ಡಿಗೆ ಮಳೆ ತಡೆಯುವ ಅಪಾಯವೂ ಒಟ್ಟಿಗೆ ಬರುತ್ತವೆ.

ಕೃಷ್ಣೆಗೆ ಕೆಳಭಾಗದಲ್ಲಿ ಕಟ್ಟಿದ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮೇಲಿನ ಭಾಗದಲ್ಲಿ ನೆರೆ ಉಂಟಾಗುತ್ತದೆಂಬ ವಾದ ಸಾಂಗ್ಲಿ, ಕೊಲ್ಲಾಪುರ ಕಡೆ ಬಲವಾಗಿದೆ. 2019ರ ನೆರೆಯ ಬಳಿಕ ಮಹಾರಾಷ್ಟ್ರ ನೇಮಿಸಿದ ವಡನೇರೆ ಸಮಿತಿ ಆಲಮಟ್ಟಿ ಮತ್ತು ಹಿಪ್ಪರಗಿಗಳು ಆ ನೆರೆಗೆ ಕಾರಣವಲ್ಲವೆಂದು 2020ರಲ್ಲಿ ವರದಿ ಕೊಟ್ಟಿತು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಪ್ರಸ್ತಾಪಕ್ಕೆ ಮಹಾರಾಷ್ಟ್ರದ ವಿರೋಧ ಮುಂದುವರಿದಿದೆ. 2021ರ ಜೂನ್‌ನಲ್ಲಿ ಎರಡು ರಾಜ್ಯಗಳು ಜಲಾಶಯಗಳಿಂದ ನೀರು ಬಿಡುವ ಮಾಹಿತಿಯ ವಿನಿಮಯ ಕುರಿತು ಬೆಂಗಳೂರಿನಲ್ಲಿ ಮಾತುಕತೆ ನಡೆಸಿದವು. ಮಳೆಗಾಲದಲ್ಲಿ ಕೊಯ್ನಾ, ವಾರಣಾ, ರಾಧಾನಗರಿ ಜಲಾಶಯಗಳ ಹೊರಹರಿವಿನ ಅಂಕಿಅಂಶಗಳು ಈಗ ದಿನವೂ ಚಿಕ್ಕೋಡಿ ಉಪವಿಭಾಗದ ಆಡಳಿತಕ್ಕೂ, ಅಲ್ಲಿಂದ ಹೊಳೆದಂಡೆಯ ಹಳ್ಳಿಗಳಿಗೂ ತಲುಪುತ್ತವೆ.